ಸಂತರ ದೇಗುಲದ ಗುಹೆಯಲ್ಲಿ ಒಂದು ಸಮಾಧಿ: ಮೂವರು ಯಾಜಕರು ಮತ್ತು ಮಾನವ ವಿಕಾಸದ ಸಾಕ್ಷ್ಯ

ಪೀಠಿಕೆ

1908ನೆಯ ಇಸವಿಯ ಆಗಸ್ಟ್ 3ರಂದು ಫ್ರಾನ್ಸಿನ ಕೊರೆಝ್ ಪ್ರಾಂತದ ಒಂದು ಹಳ್ಳಿಯ ಬಳಿ, ಚಿಕ್ಕ ಗುಹೆಯೊಂದರ ನೆಲವನ್ನು ಅಗೆಯುತ್ತಿದ್ದ ಮೂವರು ಕಥೋಲಿಕ ಯಾಜಕರಿಗೆ ಮಾನವ ಅಸ್ಥಿಪಂಜರವೊಂದು ದೊರೆಯಿತು. ಆ ಹಳ್ಳಿಯ ಹೆಸರು ಲಾ ಶಾಪೆಲ್-ಓ-ಸ್ಯಾಂ. ಕನ್ನಡದಲ್ಲಿ ಹೇಳುವುದಾದರೆ 'ಸಂತರ ದೇಗುಲ'. ಯಾಜಕರು ಅಮೆದೇ ಬುಯಿಸೋನಿ, ಅವರ ತಮ್ಮ ಝಾನ್ ಬುಯಿಸೋನಿ ಮತ್ತು ಅವರ ಮಿತ್ರ ಲೂಯಿ ಬಾರ್ದೋನ್. ಅವರ ಕೈಗೆ ಸಿಕ್ಕಿದ ಮೂಳೆಗಳು ನಮ್ಮಂತಹ ಮನುಷ್ಯನವಾಗಿರಲಿಲ್ಲ. ಸುಮಾರು 50ರಿಂದ 60 ಸಾವಿರ ವರ್ಷಗಳ ಹಿಂದೆ ಬದುಕಿದ್ದ, ಇಂದು ನಾವು ನಿಯಾಂಡರ್ತಾಲ್ ಎಂದು ಕರೆಯುವ ಮಾನವ ಕುಲಕ್ಕೆ ಅವು ಸೇರಿದ್ದವು.

ಸೃಷ್ಟಿಯ ದೈವಶಾಸ್ತ್ರವನ್ನು ಬೋಧಿಸುವಾಗ ಪ್ರತಿ ವರ್ಷವೂ ಯಾರಾದರೊಬ್ಬ ಗುರುವಿದ್ಯಾರ್ಥಿ ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: "ಸ್ವಾಮಿ, ನಿಯಾಂಡರ್ತಾಲನಿಗೆ ಆತ್ಮವಿತ್ತೇ?" ಕೆಲವರು ಇದನ್ನು ಕುತೂಹಲದಿಂದ ಕೇಳುತ್ತಾರೆ, ಕೆಲವರು ಅಧ್ಯಾಪಕರನ್ನು ಇಕ್ಕಟ್ಟಿಗೆ ಸಿಲುಕಿಸಲು ಕೇಳುತ್ತಾರೆ. ಒಮ್ಮೆ ಒಬ್ಬ ವಿದ್ಯಾರ್ಥಿ ತರಗತಿ ಮುಗಿದ ಮೇಲೆ ಒಂಟಿಯಾಗಿ ಬಂದು, ಬಹಳ ತಗ್ಗಿದ ದನಿಯಲ್ಲಿ ಇದೇ ಪ್ರಶ್ನೆಯನ್ನು ಕೇಳಿದನು. ಪದವಿ ತರಗತಿಯಲ್ಲಿ ಜೀವಶಾಸ್ತ್ರವನ್ನು ಓದಿ ಬಂದವನು ಅವನು. ಕಲಿತದ್ದನ್ನು ಗುರುಮಠದ ಬಾಗಿಲಲ್ಲಿ ಬಿಟ್ಟು ಒಳಗೆ ಬರಬೇಕೇ ಎಂಬುದೇ ಅವನ ನಿಜವಾದ ಪ್ರಶ್ನೆಯಾಗಿತ್ತು. ಅಂದು ನಾನು ಕೊಟ್ಟ ಉತ್ತರ ಸಮರ್ಪಕವಾಗಿರಲಿಲ್ಲ. ಈ ಲೇಖನವು ಆ ಉತ್ತರವನ್ನು ಪೂರ್ಣಗೊಳಿಸುವ ಪ್ರಯತ್ನ. ಅದಕ್ಕೆ ಮೊದಲು ಆ ಮೂವರು ಯಾಜಕರ ಇತಿಹಾಸವನ್ನು ಹೇಳಬೇಕು; ಏಕೆಂದರೆ ಮಾನವ ವಿಕಾಸದ ಸಾಕ್ಷ್ಯವು ಧರ್ಮಸಭೆಯ ಹೊರಗಿನಿಂದ, ವಿರೋಧಿಗಳ ಕೈಯಿಂದ ಮಾತ್ರ ಬಂದಿತೆಂಬುದು ಸತ್ಯವಲ್ಲ.

1. ಅಗೆತಕ್ಕೆ ಮುನ್ನ

1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯ ಸುಣ್ಣದಕಲ್ಲಿನ ಗಣಿಯಲ್ಲಿ ಕಾರ್ಮಿಕರಿಗೆ ಒಂದು ತಲೆಬುರುಡೆಯ ಮೇಲ್ಭಾಗವೂ ಕೆಲವು ಮೂಳೆಗಳೂ ದೊರೆತವು. ಸ್ಥಳೀಯ ಶಾಲಾಶಿಕ್ಷಕ ಯೋಹಾನ್ ಕಾರ್ಲ್ ಫೂಲ್‌ರಾಟ್ ಅವು ಸಾಮಾನ್ಯವಾದವಲ್ಲವೆಂದು ಗುರುತಿಸಿದರು. ಹುಬ್ಬಿನ ಮೇಲೆ ದಪ್ಪನೆಯ ಏಣು, ತಗ್ಗಾದ ನೆತ್ತಿ, ಬಾಗಿದ ದಪ್ಪ ಮೂಳೆಗಳು. ಡಾರ್ವಿನ್ನರ ಪ್ರಸಿದ್ಧ ಗ್ರಂಥ ಪ್ರಕಟವಾಗಲು ಇನ್ನೂ ಮೂರು ವರ್ಷಗಳಿದ್ದವು. ಜರ್ಮನಿಯ ಶ್ರೇಷ್ಠ ರೋಗಲಕ್ಷಣ ತಜ್ಞರಾದ ರುಡಾಲ್ಫ್ ವಿರ್ಖೋ ಇದನ್ನು ರೋಗಪೀಡಿತ ಮನುಷ್ಯನೊಬ್ಬನ ದೇಹವೆಂದು ಭಾವಿಸಿದರು. ಮತ್ತೊಬ್ಬ ವಿದ್ವಾಂಸರು ನೆಪೋಲಿಯನ್ನನ ಯುದ್ಧಕಾಲದಲ್ಲಿ ಗುಹೆಯಲ್ಲಿ ಅಡಗಿ ಸತ್ತ ಕೊಸಾಕ್ ಸವಾರನ ಮೂಳೆಗಳಿರಬಹುದೆಂದರು. 1864ರಲ್ಲಿ ಐರ್ಲೆಂಡಿನ ಪ್ರಾಧ್ಯಾಪಕ ವಿಲಿಯಮ್ ಕಿಂಗ್ ಅದನ್ನು ಪ್ರತ್ಯೇಕ ಮಾನವ ಪ್ರಭೇದವೆಂದು ಹೆಸರಿಸಿದರು.

ಒಂದೇ ಬುರುಡೆಯಿದ್ದಾಗ ರೋಗವೆನ್ನುವ ವಿವರಣೆ ನಿಲ್ಲಬಹುದಾಗಿತ್ತು. 1886ರಲ್ಲಿ ಬೆಲ್ಜಿಯಮ್ಮಿನ ಸ್ಪೀ ಗುಹೆಯಲ್ಲಿ ಅದೇ ಲಕ್ಷಣಗಳುಳ್ಳ ಎರಡು ವಯಸ್ಕ ಅಸ್ಥಿಪಂಜರಗಳು, ಅಳಿದುಹೋದ ಪ್ರಾಣಿಗಳ ಮೂಳೆಗಳೂ ಹಳೆಯ ಶಿಲಾಯುಗದ ಉಪಕರಣಗಳೂ ಇದ್ದ ಪದರದಲ್ಲಿ ದೊರೆತಾಗ ಆ ವಿವರಣೆ ಕುಸಿಯಿತು. ಬೇರೆ ಬೇರೆ ಸ್ಥಳಗಳಲ್ಲಿ ಸತ್ತ ಮೂವರಿಗೂ ಒಂದೇ ರೋಗ ಒಂದೇ ಬಗೆಯಲ್ಲಿ ಬಂದಿತ್ತೆಂದು ವಾದಿಸುವುದು ಕಷ್ಟವಾಯಿತು.

ಅದೇ ದಶಕಗಳಲ್ಲಿ ಧರ್ಮಸಭೆಯೊಳಗೆ ಬೇರೊಂದು ವಿಚಾರಣೆ ನಡೆಯುತ್ತಿತ್ತು. ಡೊಮಿನಿಕನ್ ಸಭೆಯ ದಾಲ್ಮಾಸ್ ಲೆರುವಾ ಎಂಬ ಫ್ರೆಂಚ್ ಯಾಜಕರು ಜೀವಿಗಳ ವಿಕಾಸವನ್ನು ಒಪ್ಪುವ ಗ್ರಂಥವೊಂದನ್ನು 1891ರಲ್ಲಿ ಪ್ರಕಟಿಸಿದರು. ರೋಮಿನ ಒತ್ತಡದಿಂದ 1895ರಲ್ಲಿ ಪ್ಯಾರಿಸಿನ ಪತ್ರಿಕೆಯೊಂದರಲ್ಲಿ ತಮ್ಮ ಮಾತನ್ನು ಹಿಂತೆಗೆದುಕೊಂಡರು. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಪವಿತ್ರ ಶಿಲುಬೆಯ ಸಭೆಯ ಯಾಜಕ ಜಾನ್ ಝಾಮ್ 1896ರಲ್ಲಿ ವಿಕಾಸ ಮತ್ತು ವಿಶ್ವಾಸಸತ್ಯಗಳ ಸಂಬಂಧವನ್ನು ಕುರಿತು ಬರೆದ ಗ್ರಂಥವನ್ನು ನಿಷಿದ್ಧ ಗ್ರಂಥಗಳ ಆಯೋಗವು 1898ರಲ್ಲಿ ಖಂಡಿಸಿತು. ಆದರೆ ಆ ಆಜ್ಞೆಯನ್ನು ಬಹಿರಂಗವಾಗಿ ಪ್ರಕಟಿಸಲಿಲ್ಲ. ಝಾಮ್ ಆ ವಿಷಯದ ಮೇಲೆ ಬರೆಯುವುದನ್ನು ನಿಲ್ಲಿಸಿದರು. ಈ ಸಂಗತಿಗಳ ವಿವರ 1998ರಲ್ಲಿ ವಿಶ್ವಾಸ ಸಿದ್ಧಾಂತ ಆಯೋಗದ ದಾಖಲೆಗಳು ಸಂಶೋಧಕರಿಗೆ ತೆರೆದ ಮೇಲೆ ಪೂರ್ಣವಾಗಿ ತಿಳಿದುಬಂದಿತು. ಇಲ್ಲಿ ಎರಡು ಅಂಶಗಳನ್ನು ಬೇರ್ಪಡಿಸಿ ನೋಡಬೇಕು. ಧರ್ಮಸಭೆಯು ವಿಕಾಸವಾದವನ್ನು ಗಂಭೀರ ಬೋಧನೆಯ ಮೂಲಕ ಎಂದೂ ಖಂಡಿಸಲಿಲ್ಲ. ಆದರೂ ವಿಕಾಸವನ್ನು ಒಪ್ಪಿದ ಯಾಜಕರು ಮೌನದ ಬೆಲೆಯನ್ನು ತೆತ್ತರು. ಮೊದಲನೆಯದನ್ನು ಮಾತ್ರ ಹೇಳುವವರು ನಮ್ಮ ಇತಿಹಾಸವನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ.

2. ಗುಹೆಯ ನೆಲದಲ್ಲಿ

ಝಾನ್ ಬುಯಿಸೋನಿ ಪ್ಯಾರಿಸ್ ಸಮೀಪದ ಇಸ್ಸಿ ಗುರುಮಠದಲ್ಲಿ ಹೆನ್ರಿ ಬ್ರೋಯ್ ಎಂಬವರ ಸಹಪಾಠಿಯಾಗಿದ್ದರು. ಮುಂದೆ ಆದಿಮಾನವನ ಗುಹಾಚಿತ್ರಗಳ ಅಧ್ಯಯನದಲ್ಲಿ ಜಗತ್ಪ್ರಸಿದ್ಧರಾದ ಯಾಜಕರೇ ಈ ಬ್ರೋಯ್. ಅಲ್ಲಿ ನಿಸರ್ಗ ವಿಜ್ಞಾನವನ್ನು ಬೋಧಿಸುತ್ತಿದ್ದ ಯಾಜಕ ಝಾನ್ ಗಿಬೇರ್ ಅವರು ವಿಕಾಸದ ಪ್ರಶ್ನೆಯನ್ನು ಮುಚ್ಚಿಡದೆ ವಿದ್ಯಾರ್ಥಿಗಳ ಮುಂದಿಟ್ಟವರು. ಒಂದು ಗುರುಮಠದ ತರಗತಿಯಲ್ಲಿ ಬಿತ್ತಿದ ಆಸಕ್ತಿ ಹೇಗೆ ಫಲ ಕೊಟ್ಟಿತೆಂಬುದನ್ನು ನಮ್ಮಂತಹ ಅಧ್ಯಾಪಕರು ಗಮನಿಸಬೇಕು.

ಬುಯಿಸೋನಿ ಸಹೋದರರೂ ಬಾರ್ದೋನರೂ ಬ್ರೀವ್ ಪಟ್ಟಣದ ಸುತ್ತಲಿನ ಗುಹೆಗಳನ್ನು ವರ್ಷಗಟ್ಟಲೆ ಶೋಧಿಸುತ್ತಿದ್ದರು. ಲಾ ಶಾಪೆಲ್-ಓ-ಸ್ಯಾಂ ಗುಹೆಯಲ್ಲಿ ಅವರು ಕಂಡದ್ದು ಹೀಗಿತ್ತು: ಗಟ್ಟಿಯಾದ ಜೇಡಿಮಣ್ಣಿನ ನೆಲದಲ್ಲಿ ಸುಮಾರು 1.45 ಮೀಟರ್ ಉದ್ದ, ಒಂದು ಮೀಟರ್ ಅಗಲ ಮತ್ತು 30 ಸೆಂಟಿಮೀಟರ್ ಆಳದ, ಬಹುಮಟ್ಟಿಗೆ ಆಯತಾಕಾರದ ಗುಂಡಿ. ಅದರೊಳಗೆ ಕಾಲುಗಳನ್ನು ಮಡಿಸಿ ಅಂಗಾತ ಮಲಗಿಸಿದ ದೇಹ. ಸುತ್ತಲೂ ಕಲ್ಲಿನ ಉಪಕರಣಗಳು, ಬೇಟೆಯಾಡಿದ ಪ್ರಾಣಿಗಳ ಮೂಳೆಗಳು. ಸತ್ತವನು ವಯಸ್ಸಾದ ಗಂಡಸು. ಅವನ ಹಿಂಬದಿಯ ಹಲ್ಲುಗಳಲ್ಲಿ ಬಹುಪಾಲು ಬದುಕಿದ್ದಾಗಲೇ ಉದುರಿಹೋಗಿದ್ದವು; ದವಡೆಯ ಮೂಳೆ ಆ ಜಾಗದಲ್ಲಿ ಕೂಡಿಕೊಂಡಿತ್ತು. ಕತ್ತು, ಬೆನ್ನು ಮತ್ತು ಸೊಂಟದ ಕೀಲುಗಳು ಸಂಧಿವಾತದಿಂದ ಸವೆದಿದ್ದವು.

ಅವರು ಬ್ರೋಯ್ ಅವರಿಗೆ ಪತ್ರ ಬರೆದರು. ಬ್ರೋಯ್ ಅವರ ಸಲಹೆಯಂತೆ ಮೂಳೆಗಳನ್ನು ಪ್ಯಾರಿಸಿನ ರಾಷ್ಟ್ರೀಯ ನಿಸರ್ಗ ಇತಿಹಾಸ ಸಂಗ್ರಹಾಲಯದ ಪ್ರಾಧ್ಯಾಪಕ ಮಾರ್ಸೆಲಿನ್ ಬೂಲ್ ಅವರಿಗೆ ಒಪ್ಪಿಸಿದರು. 1908ರ ಡಿಸೆಂಬರಿನಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದೆ ಈ ಶೋಧದ ವಿಷಯ ಮಂಡಿತವಾಯಿತು. ಮೂಳೆಗಳ ವರ್ಣನೆ ಬೂಲ್ ಅವರದು. ಉತ್ಖನನದ ಮತ್ತು ಗುಂಡಿಯ ವರ್ಣನೆ ಆ ಮೂವರು ಯಾಜಕರದು. ಇದು ಉದ್ದೇಶಪೂರ್ವಕವಾದ ಸಮಾಧಿಯೆಂದು ಅವರು ವಾದಿಸಿದರು.

ಆ ವಾದಕ್ಕೆ ಆಗಿನ ಫ್ರಾನ್ಸಿನಲ್ಲಿ ರಾಜಕೀಯದ ಬಣ್ಣವೂ ಇತ್ತು. 1905ರ ಡಿಸೆಂಬರಿನ ಕಾಯಿದೆ ಫ್ರೆಂಚ್ ಪ್ರಭುತ್ವವನ್ನೂ ಧರ್ಮಸಭೆಯನ್ನೂ ಬೇರ್ಪಡಿಸಿತ್ತು. ಹಿಂದಿನ ತಲೆಮಾರಿನ ಪ್ರಮುಖ ಪ್ರಾಗಿತಿಹಾಸ ತಜ್ಞ, ಯಾಜಕವಿರೋಧಿ ಗಾಬ್ರಿಯೆಲ್ ದ ಮೋರ್ತಿಯೆ ಹಳೆಯ ಶಿಲಾಯುಗದ ಮನುಷ್ಯನಿಗೆ ಧರ್ಮವೂ ಇರಲಿಲ್ಲ, ಸತ್ತವರನ್ನು ಹೂಳುವ ಸಂಪ್ರದಾಯವೂ ಇರಲಿಲ್ಲವೆಂದು ಬೋಧಿಸಿದ್ದರು. ಈಗ ಮೂವರು ಯಾಜಕರು ಬಂದು ನಿಯಾಂಡರ್ತಾಲರು ತಮ್ಮ ಸತ್ತವರನ್ನು ಹೂಳುತ್ತಿದ್ದರೆಂದರೆ, ಎದುರು ಪಕ್ಷದವರಿಗೆ ಅನುಮಾನ ಬಂದದ್ದು ಸಹಜ. ಒಂದು ಪಕ್ಷಕ್ಕೆ ಸಮಾಧಿ ಬೇಕಾಗಿತ್ತು, ಇನ್ನೊಂದಕ್ಕೆ ಬೇಡವಾಗಿತ್ತು. ಗುಂಡಿಯ ಅಳತೆಗಳು ಮಾತ್ರ ಯಾರ ಪಕ್ಷಕ್ಕೂ ಸೇರಿರಲಿಲ್ಲ.

3. ಧರ್ಮಸಭೆಯ ಆ ದಿನಗಳು

ಶೋಧದ ಕಾಲವನ್ನು ನಾವು ನೆನಪಿನಲ್ಲಿಡಬೇಕು. 1907ರ ಸೆಪ್ಟೆಂಬರ್ 8ರಂದು ಜಗದ್ಗುರು ಹತ್ತನೆಯ ಭಕ್ತಿನಾಥರು, ಅಂದರೆ ಸಂತ ಹತ್ತನೆಯ ಪಿಯುಸ್ ಅವರು, ಆಧುನಿಕತಾವಾದವನ್ನು ಖಂಡಿಸುವ ವಿಶ್ವಪರಿಪತ್ರವನ್ನು ಹೊರಡಿಸಿದ್ದರು. 1908ರ ಮಾರ್ಚಿನಲ್ಲಿ ಬೈಬಲ್ ವಿದ್ವಾಂಸ ಆಲ್ಫ್ರೆಡ್ ಲುವಾಸಿ ಅವರನ್ನು ಧರ್ಮಸಭೆಯಿಂದ ಬಹಿಷ್ಕರಿಸಲಾಯಿತು. ಗುಹೆಯಲ್ಲಿ ಮೂಳೆಗಳು ದೊರೆತದ್ದು ಅದಾದ ಐದೇ ತಿಂಗಳಿಗೆ. 1909ರ ಜೂನ್ 30ರಂದು ಬೈಬಲ್ ಆಯೋಗವು ಆದಿಕಾಂಡದ ಮೊದಲ ಮೂರು ಅಧ್ಯಾಯಗಳ ಐತಿಹಾಸಿಕತೆಯನ್ನು ಕುರಿತು ಎಂಟು ಪ್ರಶ್ನೆಗಳಿಗೆ ಉತ್ತರ ಕೊಟ್ಟಿತು. 1910ರ ಸೆಪ್ಟೆಂಬರಿನಲ್ಲಿ ಆಧುನಿಕತಾವಾದದ ವಿರುದ್ಧ ಯಾಜಕರೂ ಗುರುಮಠದ ಅಧ್ಯಾಪಕರೂ ಸ್ವೀಕರಿಸಬೇಕಾದ ಪ್ರಮಾಣವಚನ ಜಾರಿಗೆ ಬಂದಿತು.

1909ರ ಉತ್ತರಗಳನ್ನು ಇಂದು ಓದುವಾಗ ಅವುಗಳ ಎರಡು ಮುಖಗಳೂ ಕಾಣುತ್ತವೆ. ಮನುಷ್ಯನ ವಿಶೇಷ ಸೃಷ್ಟಿ, ಮೊದಲ ಪುರುಷನಿಂದ ಮೊದಲ ಸ್ತ್ರೀಯ ರಚನೆ, ಮಾನವಕುಲದ ಏಕತೆ ಮುಂತಾದವುಗಳ ಅಕ್ಷರಾರ್ಥದ ಐತಿಹಾಸಿಕತೆಯನ್ನು ಸಂದೇಹಿಸಬಾರದೆಂದು ಆಯೋಗ ಹೇಳಿತು. ಅದೇ ಆಯೋಗವು ಆ ಅಧ್ಯಾಯಗಳ ಪ್ರತಿಯೊಂದು ಪದವನ್ನೂ ಅಕ್ಷರಾರ್ಥದಲ್ಲಿ ತೆಗೆದುಕೊಳ್ಳಬೇಕಾಗಿಲ್ಲ, ಅಲ್ಲಿ ವೈಜ್ಞಾನಿಕ ನಿಖರತೆಯ ಭಾಷೆಯನ್ನು ಹುಡುಕಬೇಕಾಗಿಲ್ಲ, 'ದಿನ' ಎಂಬ ಹೀಬ್ರೂ ಪದವನ್ನು ದೀರ್ಘಕಾಲಾವಧಿ ಎಂದೂ ತಿಳಿಯಬಹುದು ಎಂದು ಒಪ್ಪಿತು. ಬಾಗಿಲು ಮುಚ್ಚಿತ್ತು, ಅಗಳಿ ಹಾಕಿರಲಿಲ್ಲ.

ಇಂತಹ ಕಾಲದಲ್ಲಿ ಮೂವರು ಸಾಮಾನ್ಯ ಯಾಜಕರು ತಮಗೆ ಸಿಕ್ಕಿದ್ದನ್ನು ಮತ್ತೆ ಮಣ್ಣಿನಲ್ಲಿ ಮುಚ್ಚಲಿಲ್ಲ; ಅಳೆದು, ಬರೆದು, ಪ್ರಕಟಿಸಿದರು. ಅಧಿಕಾರಕ್ಕೆ ವಿಧೇಯರಾಗಿಯೂ ಇದ್ದರು. ಮುಂದೆ 1930ರ ದಶಕದಲ್ಲಿ ಫ್ರೆಂಚ್ ಭಾಷೆಯ ಬೃಹತ್ ಕಥೋಲಿಕ ದೈವಶಾಸ್ತ್ರ ಕೋಶಕ್ಕೆ ಮಾನವಕುಲದ ಬಹುಮೂಲವಾದವನ್ನು ಕುರಿತ ಲೇಖನವನ್ನು ಬರೆದವರು ಇದೇ ಬುಯಿಸೋನಿ ಸಹೋದರರು. ಸನಿಕೆ ಹಿಡಿದ ಕೈಗಳೇ ದೈವಶಾಸ್ತ್ರದ ಲೇಖನಿಯನ್ನೂ ಹಿಡಿದಿದ್ದವು.

4. ಒಂದು ತಪ್ಪು ಮತ್ತು ಅದರ ತಿದ್ದುಪಡಿ

ಬೂಲ್ ಅವರು 1911ರಿಂದ 1913ರವರೆಗೆ ಈ ಅಸ್ಥಿಪಂಜರವನ್ನು ಕುರಿತ ವಿಸ್ತಾರವಾದ ಅಧ್ಯಯನವನ್ನು ಪ್ರಕಟಿಸಿದರು. ಬುರುಡೆಯ ಗಾತ್ರ ಸುಮಾರು 1600 ಘನ ಸೆಂಟಿಮೀಟರ್; ಅದು ಇಂದಿನ ಮನುಷ್ಯನ ಸರಾಸರಿಗಿಂತ ಹೆಚ್ಚು. ಆದರೂ ಬೂಲ್ ಚಿತ್ರಿಸಿದ್ದು ಮಂಡಿ ಬಗ್ಗಿದ, ಕುತ್ತಿಗೆ ಮುಂದಕ್ಕೆ ಚಾಚಿದ, ನೆಟ್ಟಗೆ ನಿಲ್ಲಲಾರದ ಅರ್ಧಪಶುವನ್ನು. 1909ರಲ್ಲಿಯೇ ಫ್ರೆಂಚ್ ಸಚಿತ್ರ ಪತ್ರಿಕೆಯೊಂದರಲ್ಲಿ ಕಲಾವಿದ ಕುಪ್ಕಾ ಬಿಡಿಸಿದ ಚಿತ್ರದಲ್ಲಿ ಅವನು ಕೂದಲು ತುಂಬಿದ ವಾನರನಂತೆ ಗುಹೆಯ ಬಾಗಿಲಲ್ಲಿ ನಿಂತಿದ್ದನು. 'ಗುಹಾಮಾನವ' ಎಂದೊಡನೆ ಇಂದಿಗೂ ನಮ್ಮ ಕಣ್ಣ ಮುಂದೆ ಬರುವ ಚಿತ್ರಕ್ಕೆ ಈ ಮೂಲದ ಋಣ ಬಹಳಷ್ಟಿದೆ. ಬೂಲ್ ಅವರಿಗೆ ಅವನು ನಮ್ಮ ಪೂರ್ವಜನಾಗುವುದು ಬೇಡವಾಗಿತ್ತು; ವಂಶವೃಕ್ಷದಲ್ಲಿ ಒಣಗಿಹೋದ ಕೊಂಬೆಯೆಂದೇ ಅವರು ಅವನನ್ನು ಕಂಡರು.

1957ರಲ್ಲಿ ವಿಲಿಯಮ್ ಸ್ಟ್ರಾಸ್ ಮತ್ತು ಅಲೆಕ್ಸಾಂಡರ್ ಕೇವ್ ಎಂಬ ಅಂಗರಚನಾಶಾಸ್ತ್ರಜ್ಞರು ಪ್ಯಾರಿಸಿನಲ್ಲಿ ಆ ಮೂಳೆಗಳನ್ನು ಮತ್ತೆ ಪರೀಕ್ಷಿಸಿ, ಅವು ಸಂಧಿವಾತದಿಂದ ನರಳಿದ ಮುದುಕನವೆಂದೂ ನಿಯಾಂಡರ್ತಾಲರು ನಮ್ಮಂತೆಯೇ ನೆಟ್ಟಗೆ ನಡೆಯುತ್ತಿದ್ದರೆಂದೂ ತೋರಿಸಿದರು. 1985ರಲ್ಲಿ ಎರಿಕ್ ಟ್ರಿಂಕಾಸ್ ಮತ್ತೊಮ್ಮೆ ಪರಿಶೀಲಿಸಿ, ಬೂಲ್ ಅವರ ತಪ್ಪಿಗೆ ಮುದುಕನ ರೋಗಕ್ಕಿಂತ ಬೂಲ್ ಅವರ ಪೂರ್ವಾಭಿಪ್ರಾಯವೇ ಹೆಚ್ಚು ಕಾರಣವೆಂದು ತೀರ್ಮಾನಿಸಿದರು. ಸಮಾಧಿಯ ಪ್ರಶ್ನೆಯೂ ಮತ್ತೆ ತೆರೆಯಿತು. 1999ರಿಂದ 2012ರವರೆಗೆ ಅದೇ ಸ್ಥಳದಲ್ಲಿ ಹೊಸದಾಗಿ ಉತ್ಖನನ ನಡೆಯಿತು. ಗುಂಡಿಯು ನಿಸರ್ಗದಿಂದ ಆದುದಲ್ಲವೆಂದೂ, ಸುತ್ತಲಿನ ಪ್ರಾಣಿಗಳ ಮೂಳೆಗಳ ಮೇಲೆ ಕಾಣುವ ಸವೆತ, ಕಡಿತದ ಗುರುತುಗಳು ಮನುಷ್ಯನ ಮೂಳೆಗಳ ಮೇಲೆ ಕಾಣದಿರುವುದರಿಂದ ದೇಹವನ್ನು ಬೇಗನೆ ಮುಚ್ಚಿರಬೇಕೆಂದೂ ಸಂಶೋಧಕರು 2013ರ ಕೊನೆಯಲ್ಲಿ ವರದಿ ಮಾಡಿದರು. ಇದನ್ನು ಒಪ್ಪದ ಪುರಾತತ್ವಜ್ಞರೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಆದರೆ ಯಾಜಕರ ಕಣ್ಣಿಗೆ ಬೇಕಾದದ್ದು ಮಾತ್ರ ಕಂಡಿತೆಂಬ ಹಳೆಯ ಆಕ್ಷೇಪಣೆಗೆ ಬಲ ಉಳಿದಿಲ್ಲ.

ಈ ಅಧ್ಯಾಯದಿಂದ ಕಲಿಯಬೇಕಾದ ಪಾಠವನ್ನು ನಮ್ಮಲ್ಲಿ ಕೆಲವರು ತಲೆಕೆಳಗಾಗಿ ಕಲಿಯುತ್ತಾರೆ. 'ವಿಜ್ಞಾನಿಗಳೂ ತಪ್ಪು ಮಾಡಿದ್ದಾರೆ, ಆದ್ದರಿಂದ ವಿಕಾಸವನ್ನು ನಂಬಬೇಕಾಗಿಲ್ಲ' ಎಂದು ಬೋಧನಾಪೀಠದಿಂದ ಹೇಳಿದ್ದನ್ನು ನಾನು ಕೇಳಿದ್ದೇನೆ. ಬೂಲ್ ತಪ್ಪಿದ್ದು ಮೂಳೆಗಳನ್ನು ಓದುವುದರಲ್ಲಿ. ತಪ್ಪನ್ನು ತಿದ್ದಿದ್ದೂ ಅವೇ ಮೂಳೆಗಳು. ತಿದ್ದುಪಡಿಯ ಫಲವಾಗಿ ವಿಕಾಸದ ಸಾಕ್ಷ್ಯ ಕುಂದಲಿಲ್ಲ. ಆ ಮುದುಕ ನಮಗೆ ಇನ್ನೂ ಹತ್ತಿರದ ಬಂಧುವಾದನು.

5. ಸಾಕ್ಷ್ಯಗಳು ಕೂಡಿ ಬರುವ ಬಗೆ

ಜೀವವಿಕಾಸದ ಸಾಕ್ಷ್ಯವು ಒಂದು ಬುರುಡೆಯ ಮೇಲೆ ನಿಂತಿಲ್ಲ. ಪರಸ್ಪರ ಸಂಬಂಧವಿಲ್ಲದ ಹಲವು ಮೂಲಗಳು ಒಂದೇ ಮಾತನ್ನು ಹೇಳುವುದೇ ಅದರ ಬಲ.

ಮೊದಲನೆಯದು ಕಾಲಕ್ರಮ. ಸ್ಪೇನಿನ ಅಟಪುಎರ್ಕಾ ಬೆಟ್ಟದ 'ಮೂಳೆಗಳ ಕಂದಕ'ದಲ್ಲಿ ಕನಿಷ್ಠ 28 ಜನರ ಅವಶೇಷಗಳು ದೊರೆತಿವೆ. ಅವು ಸುಮಾರು 4,30,000 ವರ್ಷಗಳಷ್ಟು ಹಳೆಯವು. ಅವುಗಳ ಮುಖ ಮತ್ತು ದವಡೆಗಳಲ್ಲಿ ನಿಯಾಂಡರ್ತಾಲ್ ಲಕ್ಷಣಗಳು ಆಗಲೇ ಮೂಡಿವೆ. ಬುರುಡೆಯ ಹಿಂಭಾಗ ಮತ್ತು ಗಾತ್ರ ಇನ್ನೂ ಹಳೆಯ ಮಾದರಿಯವು. ಲಕ್ಷಣಗಳು ಒಟ್ಟಿಗೆ ಬರಲಿಲ್ಲ, ಒಂದರ ನಂತರ ಒಂದು ಬಂದವು. ಇನ್ನೂ ಹಿಂದಕ್ಕೆ ಹೋದರೆ 1891ರಲ್ಲಿ ಜಾವಾ ದ್ವೀಪದಲ್ಲಿ ದ್ಯುಬ್ವಾ ಅವರಿಗೆ ದೊರೆತ ಬುರುಡೆ, 1974ರಲ್ಲಿ ಇಥಿಯೋಪಿಯಾದಲ್ಲಿ ದೊರೆತ ಸುಮಾರು 32 ಲಕ್ಷ ವರ್ಷಗಳ ಹಿಂದಿನ 'ಲೂಸಿ' ಇವೆ. ಲೂಸಿ ಎರಡು ಕಾಲಿನ ಮೇಲೆ ನಡೆಯುತ್ತಿದ್ದಳು. ಅವಳ ಮೆದುಳಿನ ಗಾತ್ರ ಮಾತ್ರ ಚಿಂಪಾಂಜಿಯದಕ್ಕೆ ಸಮೀಪ. ನಮ್ಮ ದೇಶವೂ ಈ ಕಥೆಯ ಹೊರಗಿಲ್ಲ. 1982ರಲ್ಲಿ ನರ್ಮದಾ ತೀರದ ಹಥ್ನೋರಾದಲ್ಲಿ ಅರುಣ್ ಸೋನಾಕಿಯಾ ಅವರು ಪ್ರಾಚೀನ ಮಾನವನ ಬುರುಡೆಯ ಭಾಗವನ್ನು ಕಂಡುಹಿಡಿದರು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಉತ್ಖನನ ಮಾಡಿದ ಕೈಗೊಡಲಿಗಳ ಕಾರ್ಯಸ್ಥಳಕ್ಕೆ ಸುಮಾರು 12 ಲಕ್ಷ ವರ್ಷಗಳ ವಯಸ್ಸನ್ನು ಹೇಳಲಾಗಿದೆ.

ಎರಡನೆಯದು ವಂಶವಾಹಿಗಳ ಸಾಕ್ಷ್ಯ. ದೊಡ್ಡ ವಾನರಗಳಲ್ಲಿ 24 ಜೊತೆ ವರ್ಣತಂತುಗಳಿವೆ, ನಮ್ಮಲ್ಲಿ 23. ಸಮಾನ ಪೂರ್ವಜರಿದ್ದರೆ ಒಂದು ಜೊತೆ ಎಲ್ಲಿಗೆ ಹೋಯಿತು? ನಮ್ಮ ಎರಡನೆಯ ವರ್ಣತಂತುವಿನ ನಡುವೆ, ಸಾಮಾನ್ಯವಾಗಿ ವರ್ಣತಂತುಗಳ ತುದಿಗಳಲ್ಲಿ ಮಾತ್ರ ಇರಬೇಕಾದ ಅನುಕ್ರಮಗಳು ತಲೆಗೆ ತಲೆ ಕೂಡಿ ನಿಂತಿರುವುದನ್ನು 1991ರಲ್ಲಿ ವರದಿ ಮಾಡಲಾಯಿತು. ಎರಡು ವರ್ಣತಂತುಗಳು ಬೆಸೆದುಕೊಂಡ ಗಾಯದ ಕಲೆ ಅದು. ಇನ್ನೊಂದು ಉದಾಹರಣೆ: ಬಹುತೇಕ ಸಸ್ತನಿಗಳು 'ಸಿ' ಜೀವಸತ್ವವನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ನಮಗೆ ಆ ಶಕ್ತಿಯಿಲ್ಲ. ಅದಕ್ಕೆ ಬೇಕಾದ ವಂಶವಾಹಿ ನಮ್ಮಲ್ಲಿ ಇದೆ, ಆದರೆ ಮುರಿದುಹೋಗಿದೆ. ವಾನರಗಳಲ್ಲೂ ಕೋತಿಗಳಲ್ಲೂ ಅದು ಅದೇ ರೀತಿ ಮುರಿದಿದೆ. ಇಬ್ಬರು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಸರಿಯುತ್ತರಗಳು ಒಂದೇ ಆಗಿದ್ದರೆ ಅಧ್ಯಾಪಕರು ಸಂಶಯಪಡುವುದಿಲ್ಲ. ತಪ್ಪುಗಳು ಒಂದೇ ಆಗಿದ್ದರೆ ಮೂಲ ಒಂದೇ ಎಂದು ತಿಳಿಯುತ್ತಾರೆ.

ಮೂರನೆಯದು ನಿಯಾಂಡರ್ತಾಲರದೇ ವಂಶವಾಹಿಗಳು. 1997ರಲ್ಲಿ ಸ್ವಾಂಟೆ ಪೇಬೋ ಅವರ ತಂಡವು 1856ರ ಆ ಮೊದಲ ಮೂಳೆಯಿಂದಲೇ ಡಿಎನ್ಎ ತುಣುಕನ್ನು ಹೊರತೆಗೆಯಿತು. 2010ರಲ್ಲಿ ನಿಯಾಂಡರ್ತಾಲ್ ಜಿನೋಮಿನ ಕರಡು ಪ್ರಕಟವಾಯಿತು; 2022ರಲ್ಲಿ ಪೇಬೋ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಆಫ್ರಿಕಾದ ಹೊರಗಿನ ಜನರ ಜಿನೋಮಿನಲ್ಲಿ ಸುಮಾರು ಶೇಕಡಾ 2ರಷ್ಟು ನಿಯಾಂಡರ್ತಾಲರಿಂದ ಬಂದದ್ದು. ಕೋವಿಡ್ ರೋಗ ತೀವ್ರವಾಗುವ ಅಪಾಯವನ್ನು ಹೆಚ್ಚಿಸುವ ಒಂದು ವಂಶವಾಹಿ ಭಾಗವು ನಿಯಾಂಡರ್ತಾಲರಿಂದ ಬಂದುದೆಂದೂ, ದಕ್ಷಿಣ ಏಷ್ಯಾದ ಸುಮಾರು ಅರ್ಧದಷ್ಟು ಜನರಲ್ಲಿ ಅದು ಇದೆಯೆಂದೂ 2020ರಲ್ಲಿ ತಿಳಿದುಬಂದಿತು. ಆ ವರ್ಷಗಳಲ್ಲಿ ನಾವು ಅಂತ್ಯಸಂಸ್ಕಾರ ನಡೆಸಿದ ಕೆಲವರ ದೇಹಗಳಲ್ಲಿ ಆ ಗುಹೆಯ ಜನರ ಪಾಲೂ ಇದ್ದಿರಬೇಕು. ನಮ್ಮ ದೇಹದಲ್ಲಿ ಇರುವವರನ್ನು 'ಅವರು' ಎಂದು ದೂರವಿಟ್ಟು ಮಾತನಾಡುವುದು ಸುಲಭವಲ್ಲ.

6. ಬೋಧನಾಧಿಕಾರದ ನಡಿಗೆ

ಧರ್ಮಸಭೆ ಈ ಸಾಕ್ಷ್ಯವನ್ನು ನಿಧಾನವಾಗಿ, ಆದರೆ ನಿಜವಾಗಿಯೂ ಸ್ವೀಕರಿಸಿತು. 1948ರ ಜನವರಿಯಲ್ಲಿ ಬೈಬಲ್ ಆಯೋಗವು ಪ್ಯಾರಿಸಿನ ಕಾರ್ಡಿನಲ್ ಸ್ಯುಹಾರ್ ಅವರಿಗೆ ಬರೆದ ಪತ್ರದಲ್ಲಿ, 1909ರ ಉತ್ತರಗಳು ಮುಂದಿನ ವೈಜ್ಞಾನಿಕ ಪರಿಶೀಲನೆಗೆ ಅಡ್ಡಿಯಲ್ಲವೆಂದೂ, ಆದಿಕಾಂಡದ ಮೊದಲ ಹನ್ನೊಂದು ಅಧ್ಯಾಯಗಳ ಸಾಹಿತ್ಯಪ್ರಕಾರವನ್ನು ಆಳವಾಗಿ ಅಧ್ಯಯನ ಮಾಡಬೇಕೆಂದೂ ತಿಳಿಸಿತು. 1950ರ ಆಗಸ್ಟ್ 12ರ 'ಹುಮಾನಿ ಜೆನೆರಿಸ್' ಪರಿಪತ್ರದಲ್ಲಿ ಹನ್ನೆರಡನೆಯ ಪಿಯುಸ್ ಅವರು, ಮಾನವ ದೇಹವು ಮೊದಲೇ ಇದ್ದ ಜೀವಂತ ವಸ್ತುವಿನಿಂದ ಬಂದಿತೇ ಎಂಬ ಸಂಶೋಧನೆಗೂ ಚರ್ಚೆಗೂ ಅವಕಾಶ ಕೊಟ್ಟರು. ಆತ್ಮವನ್ನು ದೇವರು ನೇರವಾಗಿ ಸೃಷ್ಟಿಸುತ್ತಾರೆಂಬ ವಿಶ್ವಾಸವನ್ನು ಎತ್ತಿಹಿಡಿದರು. ಬಹುಮೂಲವಾದವು ಜನ್ಮಪಾಪದ ಬೋಧನೆಯೊಂದಿಗೆ ಹೇಗೆ ಹೊಂದುತ್ತದೆಂಬುದು ಕಾಣುತ್ತಿಲ್ಲವೆಂದು ಎಚ್ಚರಿಸಿದರು. 1996ರ ಅಕ್ಟೋಬರ್ 22ರಂದು ಎರಡನೆಯ ಜಾನ್ ಪಾಲ್ ಅವರು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಗೆ ಕಳುಹಿಸಿದ ಸಂದೇಶದಲ್ಲಿ, ಸ್ವತಂತ್ರವಾಗಿ ನಡೆದ ಸಂಶೋಧನೆಗಳ ಫಲಿತಾಂಶಗಳು ಕೂಡಿಬರುತ್ತಿರುವುದನ್ನು ಗುರುತಿಸಿ, ವಿಕಾಸವಾದವು ಈಗ ಕೇವಲ ಊಹೆಯಲ್ಲವೆಂದು ಒಪ್ಪಿದರು. 2004ರಲ್ಲಿ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಎಲ್ಲ ಜೀವಿಗಳಿಗೂ ಸಮಾನ ಮೂಲವಿದೆಯೆಂಬುದು ಬಹುಮಟ್ಟಿಗೆ ಖಚಿತವೆಂದು ಬರೆಯಿತು. ಮೊದಲ ಮಾನವರು ವ್ಯಕ್ತಿಗಳಾಗಿಯೋ ಸಮುದಾಯಗಳಾಗಿಯೋ ಎಂಬ ಎರಡೂ ಸಾಧ್ಯತೆಗಳನ್ನು ಉಲ್ಲೇಖಿಸಿತು.

ಇದು ಸಂಪ್ರದಾಯವನ್ನು ಬಿಟ್ಟುಕೊಟ್ಟದ್ದಲ್ಲ. ಸೃಷ್ಟಿಯೆಂಬುದು ಒಂದು ವಸ್ತು ಇನ್ನೊಂದಾಗುವ ಬದಲಾವಣೆಯಲ್ಲ, ಇರುವ ಸಮಸ್ತವೂ ಇರುವಿಕೆಗಾಗಿ ದೇವರನ್ನು ಅವಲಂಬಿಸಿರುವ ಸಂಬಂಧವೆಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ದೇವರು ಸೃಷ್ಟಿವಸ್ತುಗಳಿಗೆ ನಿಜವಾದ ಕಾರಣಶಕ್ತಿಯನ್ನು ಕೊಡುತ್ತಾರೆ. ಎರಡನೆಯ ಕಾರಣಗಳು ಕೆಲಸ ಮಾಡಿದಷ್ಟೂ ಮೊದಲ ಕಾರಣಕ್ಕೆ ಜಾಗ ಕಡಿಮೆಯಾಗುವುದಿಲ್ಲ. ಅದಕ್ಕೂ ಎಷ್ಟೋ ಮೊದಲೇ ಸಂತ ಅಗಸ್ಟೀನರು ಆದಿಕಾಂಡದ ಮೇಲಿನ ತಮ್ಮ ವ್ಯಾಖ್ಯಾನದಲ್ಲಿ, ನಿಸರ್ಗದ ವಿಷಯವನ್ನು ಚೆನ್ನಾಗಿ ಬಲ್ಲ ವಿಶ್ವಾಸಿಯಲ್ಲದವನ ಮುಂದೆ ಕ್ರೈಸ್ತನು ಪವಿತ್ರ ಗ್ರಂಥದ ಹೆಸರಿನಲ್ಲಿ ಅಸಂಬದ್ಧವಾಗಿ ಮಾತನಾಡುವುದು ನಾಚಿಕೆಗೇಡೆಂದು ಎಚ್ಚರಿಸಿದ್ದರು. ಇಂತಹ ಕ್ರೈಸ್ತನ ಮಾತನ್ನು ಕೇಳಿದವನು ಪುನರುತ್ಥಾನದ ವಿಷಯದಲ್ಲಿ ನಮ್ಮ ಗ್ರಂಥವನ್ನು ಹೇಗೆ ನಂಬಿಯಾನು ಎಂಬುದೇ ಅವರ ಚಿಂತೆಯಾಗಿತ್ತು.

ಉಪಸಂಹಾರ

ಈಗ ಆ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ನಿಯಾಂಡರ್ತಾಲನಿಗೆ ಆತ್ಮವಿತ್ತೇ?

ಯಾವ ಮೂಳೆಯೂ ಇದಕ್ಕೆ ಉತ್ತರ ಹೇಳಲಾರದು. ಆತ್ಮವು ಅಗೆದು ತೆಗೆಯುವ ವಸ್ತುವಲ್ಲ. ಆ ಗುಂಡಿಯನ್ನು ಆತ್ಮದ ಪುರಾವೆಯೆಂದು ಪ್ರದರ್ಶಿಸುವುದು, ಅದನ್ನು ಆತ್ಮವಿಲ್ಲದಿರುವುದರ ಪುರಾವೆಯೆಂದು ಪ್ರದರ್ಶಿಸಿದವರ ತಪ್ಪನ್ನೇ ಮತ್ತೆ ಮಾಡಿದಂತೆ. ನಾಳೆ ಆ ಗುಂಡಿ ಸಮಾಧಿಯಲ್ಲವೆಂದು ಸಿದ್ಧವಾದರೆ ನಮ್ಮ ವಿಶ್ವಾಸಕ್ಕೆ ಧಕ್ಕೆ ಬರಬಾರದು. ಆದರೆ ಆತ್ಮವು ದೇಹದ ರೂಪತತ್ವವೆಂದು ನಮ್ಮ ಸಂಪ್ರದಾಯ ಹೇಳುತ್ತದೆ. ದೇಹ ಮಾಡುವ ಕಾರ್ಯಗಳಲ್ಲಿ ಆತ್ಮದ ಸೂಚನೆಗಳು ಕಾಣಿಸಬೇಕು. ಹಲ್ಲಿಲ್ಲದ, ಕೀಲು ಸವೆದ ಮುದುಕನೊಬ್ಬನು ಹಿಮಯುಗದ ಬದುಕಿನಲ್ಲಿ ಅಷ್ಟು ಕಾಲ ಜೀವಿಸಿದ್ದನು. ಸತ್ತ ಮೇಲೆ ಯಾರೋ ಅವನಿಗಾಗಿ ಗಟ್ಟಿಯಾದ ನೆಲವನ್ನು ಕಲ್ಲಿನಿಂದಲೋ ಕೋಲಿನಿಂದಲೋ ತೋಡಿದ್ದರೆಂದು ಬಹುಪಾಲು ಸಾಕ್ಷ್ಯ ಸೂಚಿಸುತ್ತದೆ. ಸತ್ತವರನ್ನು ಹೂಳುವುದು ನಮ್ಮ ಧರ್ಮೋಪದೇಶದಲ್ಲಿ ಕರುಣೆಯ ಕಾರ್ಯಗಳಲ್ಲೊಂದು. ತೊಬೀತನು ಅದಕ್ಕಾಗಿ ಪ್ರಾಣಾಪಾಯವನ್ನೇ ಎದುರಿಸಿದನು. ಆ ಕೈಗಳನ್ನು ಮಾನವರ ಕೈಗಳಲ್ಲವೆಂದು ಹೇಳಲು ನನಗೆ ದೈವಶಾಸ್ತ್ರದ ಕಾರಣ ಕಾಣುತ್ತಿಲ್ಲ. ದೇವರು ತಮ್ಮ ಪ್ರತಿರೂಪವನ್ನು ಯಾರಿಗೆ ಕೊಟ್ಟರೆಂಬುದರ ಗಡಿಯನ್ನು ಹುಬ್ಬಿನ ಏಣಿನ ದಪ್ಪದಿಂದ ಅಳೆಯುವ ಅಧಿಕಾರ ನಮಗಿಲ್ಲ. ಜನ್ಮಪಾಪದ ಬೋಧನೆಯನ್ನು ಈ ಸಾಕ್ಷ್ಯದ ಬೆಳಕಿನಲ್ಲಿ ಹೇಗೆ ವಿವರಿಸಬೇಕೆಂಬ ಕೆಲಸ ಇನ್ನೂ ಮುಗಿದಿಲ್ಲ. ಅದು ನಿಮ್ಮ ಪೀಳಿಗೆಯ ಪಾಲಿಗೂ ಉಳಿದಿದೆ.

ನಾವು ಬೋಧನಾಪೀಠದಲ್ಲಿ ನಿಂತಾಗ ನಮ್ಮೆದುರು ಕುಳಿತ ಯುವಜನರಲ್ಲಿ ಅನೇಕರು ವೈದ್ಯಕೀಯ, ದಾದಿಯ, ಜೈವಿಕ ತಂತ್ರಜ್ಞಾನದ ವಿದ್ಯಾರ್ಥಿಗಳು. ವಿಕಾಸವನ್ನು ನಾವು ಹಾಸ್ಯದ ಮಾತಿನಲ್ಲಿ ತಳ್ಳಿಹಾಕಿದರೆ ಅವರು ನಗುವುದಿಲ್ಲ, ವಾದಿಸುವುದೂ ಇಲ್ಲ. ಮುಂದಿನ ಭಾನುವಾರ ಬರುವುದಿಲ್ಲ. ಅಗಸ್ಟೀನರ ಚಿಂತೆ ನಮ್ಮ ಧರ್ಮಕೇಂದ್ರಗಳ ಚಿಂತೆಯೂ ಹೌದು.

ಆ ಮೂವರು ಯಾಜಕರು ಕಂಡುಹಿಡಿದ ಅಸ್ಥಿಪಂಜರ ಈಗ ಪ್ಯಾರಿಸಿನ ಮಾನವ ಸಂಗ್ರಹಾಲಯದಲ್ಲಿದೆ. ಝಾನ್ ಬುಯಿಸೋನಿ 1965ರವರೆಗೆ ಬದುಕಿದ್ದರು. 1908ರ ಭಯದ ದಿನಗಳಿಂದ ಎರಡನೆಯ ವ್ಯಾಟಿಕನ್ ಮಹಾಸಭೆಯ ಕೊನೆಯ ವರ್ಷದವರೆಗಿನ ದಾರಿಯನ್ನು ಒಂದೇ ಜೀವನದಲ್ಲಿ ಅವರು ಕಂಡರು. ಲೌಕಿಕ ವಿದ್ಯೆಗಳಿಗೆ ಅವುಗಳದೇ ಆದ ನ್ಯಾಯಬದ್ಧ ಸ್ವಾಯತ್ತತೆಯಿದೆಯೆಂದು ಆ ಮಹಾಸಭೆ ಒಪ್ಪಿದ ವರ್ಷವೂ ಅದೇ. ತಗ್ಗಿದ ದನಿಯಲ್ಲಿ ಪ್ರಶ್ನೆ ಕೇಳಿದ ಆ ವಿದ್ಯಾರ್ಥಿಗೆ ನಾನು ಹೇಳಬೇಕಾಗಿದ್ದದ್ದು ಇಷ್ಟೇ: ಕಲಿತದ್ದನ್ನು ಬಾಗಿಲಲ್ಲಿ ಬಿಡಬೇಡ, ಒಳಗೆ ತೆಗೆದುಕೊಂಡು ಬಾ. ನಿನಗಿಂತ ಮೊದಲು ಬಂದವರು ಸನಿಕೆಯನ್ನೂ ತಂದಿದ್ದರು.